ಮೃದುಲಾಬಾಯಿ ಬಳಿದ ಕಂದು ಬಣ್ಣ

ಮೃದುಲಾಳಿಗೆ ಹೇಸಿಗೆ ಎಂಬುದು ಮೊದಲಿನಿಂದಲೂ ಕಡಿಮೆ. ಕಲಬುರಗಿಯ ಕುಸನೂರ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಹದಿನೈದು ವರ್ಷ ಬ್ಯೂಟಿ ಪಾರ್ಲರ್ ನಡೆಸಿದವಳಿಗೆ ಅದಿದ್ದರೆ ನಡೆಯುವುದೂ ಇಲ್ಲ. ಬಿರಿದು ಕರ್ರಗಾದ ಹಿಮ್ಮಡಿ, ಹೊಟ್ಟು ಕಟ್ಟಿದ ನೆತ್ತಿ, ಕೀವು ತುಂಬಿದ ಮೊಡವೆ, ಹೇನು, ಬೆವರು, ಎಲ್ಲವನ್ನೂ ಬರಿಗೈಯಲ್ಲಿ ಮುಟ್ಟಿದವಳು ಅವಳು. ಮುಟ್ಟಿ ಕೈ ತೊಳೆದು ಮುಂದಿನವರನ್ನು ಕುರ್ಚಿಯ ಮೇಲೆ ಕೂರಿಸುವಳು. ಅವಳ ತಂದೆ ಆನಂದತೀರ್ಥಾಚಾರ್ಯರು ಬ್ರಹ್ಮಪುರದ ಒಂದು ಚಿಕ್ಕ ಗುಡಿಯ ಅರ್ಚಕರು. ಮಗಳು ಸೊಲ್ಲಾಪುರದ ಸೋದರತ್ತೆಯ ಮನೆಯಲ್ಲಿದ್ದು ಈ ವಿದ್ಯೆ ಕಲಿತು ಬಂದಾಗ ಅವರು ಒಂದೇ ಮಾತು ಅಂದಿದ್ದರು.

“ಮಂದಿ ಕಾಲು ತಿಕ್ಕೋ ಕೆಲಸಾ ನಮ್ಮ ಮನ್ಯಾಗ ಯಾರೂ ಮಾಡಿಲ್ಲ.”

ಎರಡು ವರ್ಷ ಅವರು ಅವಳ ಕೈಯಿಂದ ನೀರು ಕುಡಿಯಲಿಲ್ಲ. ಅವಳು ಜಗಳವಾಡಲಿಲ್ಲ. ತವರಿಗೆ ಹೋದಾಗಲೆಲ್ಲ ತಲೆ ಮೇಲೆ ನೀರು ಸುರಿದುಕೊಂಡು ಬಂದು ಲೋಟ ಮುಂದಿಡುತ್ತಿದ್ದಳು. ಕೊನೆಗೊಂದು ದಿನ ಮುದುಕರೇ ಸೋತು ಕುಡಿದರು.

ಗಂಡ ಪವಮಾನ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತ. ಮಗಳು ಸಮೀಕ್ಷಾ ಪಿಯುಸಿ. ಅತ್ತೆ ಮುಕ್ತಾಬಾಯಿ ಸಿಟ್ಟೋ ಗಾಬರಿಯೋ ಬಂದರೆ ಮರಾಠಿಗಿಳಿಯುವ, ಉಳಿದಂತೆ ಸಂಭಾವಿತೆಯಾದ ಹೆಂಗಸು. ಸಂಸಾರ ತೂಗುತ್ತಿತ್ತು. ಆದರೆ ಈಚೆಗೆ ಪಾರ್ಲರ್ ಕುರ್ಚಿ ಖಾಲಿ ಬೀಳತೊಡಗಿತ್ತು. ಮದುಮಗಳ ಅಲಂಕಾರಕ್ಕೆ ಮಂದಿ ಹೈದರಾಬಾದಿನಿಂದ ಕರೆಸುತ್ತಿದ್ದರು. ಹುಬ್ಬು ತೀಡಿಸಿಕೊಳ್ಳಲು ಮಾತ್ರ ಮೃದುಲಾ ನೆನಪಾಗುತ್ತಿದ್ದಳು. ಹುಬ್ಬು ತೀಡುತ್ತ ತೀಡುತ್ತ ಅವಳಿಗೂ ಬೇಸರ ಬಂದಿತ್ತು. ನಲವತ್ತಕ್ಕೆ ಇನ್ನೆರಡೇ ವರ್ಷ, ಇಷ್ಟೇನಾ ಅನ್ನಿಸುತ್ತಿತ್ತು.

ಆಗ ಬಂದವನು ಅಣವೀರಪ್ಪ. ಸ್ಟೇಶನ್ ಬಜಾರಿನಲ್ಲಿ ಶಾಮಿಯಾನಾ, ಮಂಟಪ ಬಾಡಿಗೆಗೆ ಕೊಡುತ್ತಿದ್ದವನು ಒಮ್ಮೆಲೇ ಕಪ್ಪು ಕನ್ನಡಕ ಹಾಕಿಕೊಂಡು, ತನ್ನನ್ನು ಲೈನ್ ಪ್ರೊಡ್ಯೂಸರ್, ಅಂದರೆ ಸಿನಿಮಾದವರಿಗೆ ಜನ ಜಾಗ ಹೊಂದಿಸಿಕೊಡುವವ, ಎಂದು ಕರೆದುಕೊಂಡ. ಬಜಾರದ ಲಾಡ್ಜೊಂದರ ಸಭಾಂಗಣದಲ್ಲಿ ಮೀಟಿಂಗ್ ಕರೆದ. ದರ್ಜಿಗಳು, ಬಡಿಗರು, ಲೈಟಿನವರು, ಕಂಪನಿ ನಾಟಕದಲ್ಲಿ ಹಲ್ಲು ಉದುರಿಸಿಕೊಂಡ ನಟರು, ಜೀಪು ಇಟ್ಟವರು, ಸುಮಾರು ಎಂಬತ್ತು ಜನ ಸೇರಿದ್ದರು.

“ಇನ್ನ ಮ್ಯಾಗ ಸಿನಿಮಾ ಅಂದ್ರ ಬೆಂಗಳೂರು ಅಲ್ಲ, ಹೈದರಾಬಾದೂ ಅಲ್ಲ,” ಎಂದ ಅಣವೀರಪ್ಪ ಮೈಕು ಹಿಡಿದು. “ಅವರಿಗೀಗ ಹೊಸಾ ನೆಲ ಬೇಕಾಗ್ಯಾದ, ಹೊಸಾ ಮಾರಿ ಬೇಕಾಗ್ಯಾದ. ಎಲ್ಲಾ ನಮ್ಮಲ್ಲೇ ಅದ. ನೀವು ಎಲ್ಲೀಗೂ ಹೋಗೂದು ಬ್ಯಾಡ. ಕೆಲಸಾನೇ ನಿಮ್ಮ ಮನಿ ಬಾಗಿಲಿಗೆ ಬರ್ಲಾಕತ್ತದ.”

ಚಪ್ಪಾಳೆ ಬಿತ್ತು. ಮೃದುಲಾಳೂ ತಟ್ಟಿದಳು. ಹೆಸರು ಬರೆಸಿ ಬಂದಳು.

ಮುಂದಿನ ಮೂರು ತಿಂಗಳು ಅವಳು ಹೊಸ ಹುಡುಗಿಯಂತೆ ಕಲಿತಳು. ಮೊಬೈಲಿನಲ್ಲಿ ನೋಡಿ ನೋಡಿ ಸುಟ್ಟ ಚರ್ಮ, ಮುರಿದ ಮೂಗು, ಮುದಿ ಮುಖದ ಸುಕ್ಕು ಮಾಡುವುದನ್ನು ರೂಢಿಸಿಕೊಂಡಳು. ಒಂದು ಭಾನುವಾರ ಅಂಟು, ಟಿಶ್ಯೂ ಕಾಗದ, ಕೆಂಪು ಬಣ್ಣ ಸೇರಿಸಿ ಪವಮಾನನ ಮುಂಗೈ ಮೇಲೆ ಎಲುಬು ಕಾಣುವ ಗಾಯ ಮಾಡಿದಳು. ಚಹಾ ತಂದ ಮುಕ್ತಾಬಾಯಿ ಬಟ್ಟಲು ಕೈಬಿಟ್ಟು, “ಅಗ ಬಾಯಿ! ಕಾಯ ಝಾಲಂ ರೇ ತುಲಾ!” ಎಂದು ಚೀರಿದರು. ಮಗನಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಅದನ್ನೇ ಓಣಿಯವರಿಗೆಲ್ಲ ಕರೆದು ತೋರಿಸಿದರು. ಮೃದುಲಾ ಅಷ್ಟು ನಕ್ಕದ್ದು ಎಷ್ಟೋ ವರ್ಷಕ್ಕೆ.

ಮೊದಲ ಕೆಲಸ ಕಮಲಾಪುರದಲ್ಲಿ ಬಂತು. ಬೆಂಗಳೂರಿನ ತಂಡ, ಮುಂಬೈಯ ನಾಯಕಿ. ಮೃದುಲಾ ಸಹಾಯಕ ಮೇಕಪ್ ಕಲಾವಿದೆ. ನಸುಕಿನಲ್ಲಿ ತಂಡಕ್ಕೆ ಬಾಡಿಗೆಗೆ ಓಡಿಸುತ್ತಿದ್ದ ಹಮೀದನ ವ್ಯಾನು ಮನೆಯ ಮುಂದೆ ನಿಂತಿತು. ಕಲಬುರಗಿಯ ಕರಿಮಣ್ಣು ಹಿಂದೆ ಸರಿದು, ದಾರಿಯ ಎರಡೂ ಬದಿ ಕೆಂಪಾಗುತ್ತ ಬಂದು, ಕೆಂಪು ಬಾಳೆಯ ತೋಟಗಳು ಕಾಣತೊಡಗಿದಾಗ ಹಮೀದ್ ಕೇಳಿದ, “ಅಕ್ಕಾ, ಇದು ಬರಗಾಲದ ಪಿಕ್ಚರ್ ಅಂತಲ್ರೀ? ಇಲ್ಲಿ ಎಲ್ಲಿ ಸಿಗ್ತದ ಬರಗಾಲ?”

ಅದು ಸಿಗದಿದ್ದುದೇ ನಿರ್ದೇಶಕನ ಮೊದಲ ತಕರಾರು. ಅವನು ಇನ್ನೂ ಎಳೆಯ, ಗಡ್ಡದ, ಮೆಲುದನಿಯ ಮನುಷ್ಯ. ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಕ್ಯಾಮರಾದಲ್ಲಿ ಕಣ್ಣಿಟ್ಟು, “ಹಿಂದೆ ಆ ಗ್ರೀನ್ ಬರ್ತಿದೆ, ತೆಗೀರಿ,” ಎಂದ. ಬಾಳೆತೋಟವನ್ನು ತೆಗೆಯುವುದು ಹೇಗೆ? ಅಣವೀರಪ್ಪ ಹಳೇ ಗೋಣಿತಟ್ಟು ಹೊಲಿಸಿ ತೋಟದ ಉದ್ದಕ್ಕೂ ಕಟ್ಟಿಸಿದ. ಗೊನೆ ಹೊತ್ತ ಗಿಡಗಳು ಗೋಣಿಯ ಹಿಂದೆ ನಿಂತವು.

ಊರಿನ ನಲವತ್ತು ಜನ ಜನಸಂದಣಿಯ ದೃಶ್ಯಕ್ಕೆ ಬಂದಿದ್ದರು. ಅವರು ಬಂದ ಬಗೆ ನೋಡಿ ಮೃದುಲಾಳ ಎದೆ ಅರಳಿತು. ಎಲ್ಲರೂ ಎರೆದುಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಅಂಗಿ, ಹೊಸ ಸೀರೆ, ಮುಡಿಗೆ ಅಬ್ಬಲಿಗೆ. ಸಿನಿಮಾದಲ್ಲಿ ಕಾಣಬೇಕೆಂದರೆ ಮತ್ತೆ ಹೇಗೆ ಬರುತ್ತಾರೆ? ಸಾಲಿನ ಮುಂದಿದ್ದವಳು ಮರೆಮ್ಮ. ಅರವತ್ತು ದಾಟಿದ, ತೋಟದಲ್ಲಿ ಗೊನೆ ಹೊತ್ತು ಹೊತ್ತು ನೆಟ್ಟಗಾದ ಹೆಂಗಸು. ಮೃದುಲಾಳ ಮುಂದೆ ಕೂತು ಮುಖ ಮುಂದೆ ಚಾಚಿದಳು.

“ಬಾಯೋರೆ, ಛಂದ ಕಾಣಂಗ ಮಾಡ್ರಿ. ನನ್ನ ಮಗಳು ಪ್ರೀತಿ ಕಲಬುರ್ಗ್ಯಾಗ ನರ್ಸ್ ಅದಾಳ. ಟಾಕೀಜಿನಾಗ ನೋಡ್ತೀನಿ ಅಂದಾಳ.”

ಮೃದುಲಾ ತಿಳಿಯಾಗಿ ಪೌಡರು ಹಚ್ಚಿ, ಕಣ್ಣಿಗೆ ಕಾಡಿಗೆ ತೀಡಿ, ಕೈಗನ್ನಡಿ ಹಿಡಿದಳು. ಮರೆಮ್ಮ ಕನ್ನಡಿಯನ್ನು ನೋಡಿ ನಾಚಿದಳು. ಅಷ್ಟರಲ್ಲಿ ನಿರ್ದೇಶಕ ಬಂದ.

“ಏನಿದು ಮೇಡಂ, ಮದುವೆಗೆ ಬಂದಿದ್ದಾರಾ? ಇವರು ಹಸಿದ ಜನ. ಡಲ್ ಮಾಡಿ. ಪೂರ್ತಿ ಡಲ್ ಮಾಡಿ.”

ಹಿರಿಯ ಮೇಕಪ್ ಮಾಸ್ಟರ್ ಒಂದು ಪ್ಲಾಸ್ಟಿಕ್ ಬಕೀಟು ತಂದಿಟ್ಟ. ಅದರಲ್ಲಿ ಕಂದು ಬಣ್ಣ, ಕಪ್ಪು, ಗ್ಲಿಸರಿನ್, ಜೇಡಿಮಣ್ಣು ಕಲಸಿದ ಲೇಪ. ಬಿಸಿಲಿಗೆ ಅದು ಹಳಸಿದ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಒಂದೇ ಸ್ಪಂಜು, ನಲವತ್ತು ಮುಖ. ಅತ್ತ ಕಾಸ್ಟ್ಯೂಮಿನವನು ಒಂದು ಚೀಲ ಸುರಿದ. ಹಳೇ ಅರಿವೆಗೆ ಭಾಂಡೆ ಪಾತ್ರೆ ಕೊಡುವವರಿಂದ ತಂದ ಚಿಂದಿ ಸೀರೆಗಳು, ಯಾರದೋ ಬೆವರು ಒಣಗಿದ ಕುಪ್ಪಸಗಳು. ಹೆಂಗಸರು ಮೂಗು ಮುಚ್ಚಿಕೊಂಡರು. ಆದರೂ ಒಬ್ಬೊಬ್ಬರಾಗಿ ಗೋಣಿಯ ಮರೆಗೆ ಹೋಗಿ ಉಟ್ಟು ಬಂದರು. ತಮ್ಮ ಹೊಸ ಸೀರೆಗಳನ್ನು ಮಡಚಿ ಎದೆಗವಚಿಕೊಂಡು ನಿಂತರು, ಇಡಲು ಜಾಗವಿರಲಿಲ್ಲ.

ಮೃದುಲಾ ಸ್ಪಂಜು ಅದ್ದಿದಳು. ಹದಿನೈದು ವರ್ಷ ಮಂದಿಯ ಮುಖದಿಂದ ಕೊಳೆ ತೆಗೆದ ಕೈ ಅದು. ಒಂದು ಮುಖ, ಎರಡು ಮುಖ, ಹತ್ತು ಮುಖ. ಕುತ್ತಿಗೆ, ಕಿವಿಯ ಹಿಂದೆ, ಉಗುರಿನ ಸಂದು. ಹೂ ಕಿತ್ತು, ತಲೆಗೆ ಕೆಮ್ಮಣ್ಣು ಉದುರಿಸುವುದು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು, “ಅಕ್ಕಾ, ನಾವು ಇಷ್ಟು ಹೊಲಸು ಕಾಣ್ತೀವೇನ್ರೀ ಅವರಿಗಿ?” ಮೃದುಲಾ, “ಸಿನಿಮಾ ಅಲ್ಲೇನವ್ವಾ,” ಅಂದಳು. ಅಂದದ್ದು ತನಗೇ ಸುಳ್ಳೆನಿಸಿ ತಲೆ ತಗ್ಗಿಸಿಕೊಂಡಳು.

ಅತ್ತ ಏಸಿ ಹಾಕಿದ ಬೇರೆ ವ್ಯಾನಿನೊಳಗೆ ನಾಯಕಿಗೂ ಕಂದು ಬಣ್ಣ ಹಚ್ಚುತ್ತಿದ್ದರು. ಅದು ಬೇರೆ ಬಣ್ಣ, ಚರ್ಮಕ್ಕೆ ತಂಪಂತೆ. ಸಂಜೆ ಅದನ್ನು ಒರೆಸಲು ಇಬ್ಬರು ಹುಡುಗಿಯರು, ಒದ್ದೆ ಕಾಗದದ ಎರಡು ಡಬ್ಬಿ. ಊರಿನವರು ಎಲ್ಲಿ ತೊಳೆದುಕೊಳ್ಳಬೇಕೆಂದು ಮೃದುಲಾ ಕೇಳಿದಾಗ ಮಾಸ್ಟರ್, “ಮನೆಗೆ ಹೋಗಿ ತೊಳ್ಕೋತಾರೆ ಬಿಡಮ್ಮ,” ಅಂದ. ನಲವತ್ತು ಜನ ಆ ಬಣ್ಣದಲ್ಲೇ ಹೆದ್ದಾರಿ ದಾಟಿ ಊರೊಳಗೆ ನಡೆದು ಹೋದರು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಇಣುಕಿ ನೋಡಿದರು.

ಮನೆಗೆ ಬಂದ ಮೃದುಲಾಳಿಗೆ ಅನ್ನ ಕಲಸಿದರೆ ಆ ಹಳಸಿದ ಹಿಟ್ಟಿನ ವಾಸನೆಯೇ ಬಂತು. ಎರಡು ಸಲ ಸಾಬೂನು ಹಚ್ಚಿದಳು. ಮಗಳು ಸುತ್ತ ಸುಳಿದಾಡಿ, “ಹೀರೋಯಿನ್ ನೋಡಿದ್ಯೇನಮ್ಮಾ?” ಎಂದಾಗ “ನೋಡಿದೆ,” ಎಂದಷ್ಟೇ ಹೇಳಿದಳು.

ಮೂರನೆಯ ದಿನ ಆದದ್ದು ಬೇರೆ.

ತೋಟಕ್ಕೆ ಬಿಟ್ಟ ಬೋರಿನ ನೀರು ಹರಿದು ತಗ್ಗಿನಲ್ಲಿ ನಿಂತು ಒಂದು ಹೊಂಡವಾಗಿತ್ತು. ಊರ ಎಮ್ಮೆಗಳು ಮಧ್ಯಾಹ್ನವೆಲ್ಲ ಅದರಲ್ಲೇ ಬಿದ್ದಿರುತ್ತಿದ್ದವು. ನೀರಿನ ಮೇಲೆ ಹಸಿರು ಪೊರೆ, ಸೆಗಣಿಯ ನೊರೆ, ನೊಣ. ನಿರ್ದೇಶಕನಿಗೆ ಅದು ಕಂಡದ್ದೇ ತಡ ಕಣ್ಣು ಹೊಳೆದವು. ಮುದುಕಿಯೊಬ್ಬಳು ಎಮ್ಮೆಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬೇಕು. ಮುದುಕಿ ಮರೆಮ್ಮ.

ಮರೆಮ್ಮ ಮೊದಲು ನಕ್ಕುಬಿಟ್ಟಳು. “ಎಮ್ಮಿ ಉಚ್ಚಿ ಹೊಯ್ಯೋ ನೀರ್ರೀ ಇದು. ನಮ್ಮೂರಾಗ ನಾಯಿನೂ ಮುಟ್ಟಲ್ಲ.”

ಯಾರೂ ನಗಲಿಲ್ಲ. ಮೃದುಲಾಳಿಗೆ ಕೆಲಸದ ಉಪಾಯ ಹೊಳೆಯಿತು. ಒಂದು ಬೋಗುಣಿಯಲ್ಲಿ ಕುಡಿಯುವ ನೀರಿಗೆ ಬೆಲ್ಲ, ಚಹಾದ ಕಷಾಯ ಬೆರೆಸಿ ಅದೇ ಬಣ್ಣ ತಂದಳು. ಹೊಂಡದ ಅಂಚಿಗೆ ಮಣ್ಣಲ್ಲಿ ಹುಗಿದಿಟ್ಟರೆ ಕ್ಯಾಮರಾಕ್ಕೆ ಬೋಗುಣಿ ಕಾಣದು. ನಿರ್ದೇಶಕ ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ ತಲೆಯಲ್ಲಾಡಿಸಿದ.

“ಒಳ್ಳೆ ಐಡಿಯಾ ಮೇಡಂ, ಆದರೆ ಬೇಡ. ನಿಜವಾದ ನೀರಾದರೆ ಮುಖದಲ್ಲಿ ಒಂದು ಸತ್ಯ ಬರುತ್ತೆ. ಇವರಿಗೆಲ್ಲ ಅಭ್ಯಾಸ ಇರುತ್ತೆ, ಏನೂ ಆಗಲ್ಲ.”

ಅಭ್ಯಾಸ ಇರುತ್ತೆ. ಹೊಂಡದ ನಾತಕ್ಕೆ ಬಾರದ ವಾಕರಿಕೆ ಆ ಮಾತಿಗೆ ಮೃದುಲಾಳ ಗಂಟಲಿಗೆ ಬಂತು. ಮುಂದೆ ಅಣವೀರಪ್ಪ ಆಡಿದ ಮಾತು ಇನ್ನೂ ಹೊಲಸು. ಬೆಂಗಳೂರಿನವನಿಗಾದರೂ ಗೊತ್ತಿಲ್ಲ ಅನ್ನಬಹುದು. ಇವನು ಕಲಬುರಗಿ ಪಕ್ಕದ ಕೋಟನೂರದಲ್ಲಿ ಹುಟ್ಟಿದವನು, ಎಮ್ಮೆ ಕಂಡವನು. ಅವನು ಮರೆಮ್ಮನ ಹೆಗಲ ಮೇಲೆ ಕೈಯಿಟ್ಟು ಬೆಣ್ಣೆಯಂತೆ ಮಾತಾಡಿದ.

“ಆಯಿ, ಒಂದೇ ಗುಟುಕು. ನೀ ಇಲ್ಲ ಅಂದ್ರ ಇವರು ಗಂಟುಮೂಟಿ ಕಟ್ಟತಾರ. ನಮ್ಮ ಕಡಿ ಮಂದಿಗಿ ಸಿಕ್ಕ ಕೆಲಸಾ ಹೋಗ್ತದ. ಎಲ್ಲಾರ ಹೊಟ್ಟಿ ಮ್ಯಾಗ ಕಲ್ಲು ಹಾಕ್ತೀಯೇನು?”

ಸುತ್ತ ನಿಂತ ನಲವತ್ತು ಜನರ ಕಡೆ ಮರೆಮ್ಮ ನೋಡಿದಳು. ಆಮೇಲೆ ಮೃದುಲಾಳ ಕಡೆ ತಿರುಗಿದಳು.

“ಬಾಯೋರೆ, ನೀವು ಹೇಳ್ರಿ. ಕುಡೀಲೇನು?”

ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಅಂದು ಮುಂಜಾನೆಯಷ್ಟೇ ಮಾಸ್ಟರ್ ಹೇಳಿದ್ದ, ಕೆಲಸ ಚೆನ್ನಾಗಿದೆ, ಪರದೆಯ ಮೇಲೆ ಹೆಸರು ಹಾಕಿಸುತ್ತೇನೆ, ಮುಂದಿನ ಸಿನಿಮಾಕ್ಕೂ ಕರೆಯುತ್ತೇನೆ ಎಂದು. ಮೃದುಲಾ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಬಾಯಿ ತೆರೆಯಲಿಲ್ಲ.

ಮರೆಮ್ಮ ಹೋಗಿ ಕೂತಳು. ಮೊದಲ ಸಲ ಬಾಯಿಗಿಟ್ಟು ಉಗುಳಿದಳು. ಎರಡನೆಯ ಸಲ ಎಮ್ಮೆ ತಲೆ ಕೊಡವಿ ದೃಶ್ಯ ಕೆಟ್ಟಿತು. ಮೂರನೆಯ ಸಲ ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ಬೊಗಸೆ ಎತ್ತಿದವಳು ತಡೆಯಲಾರದೆ ಅಲ್ಲೇ ಕಕ್ಕಿದಳು. ಮೂಗು, ಬಾಯಿ, ಎದೆಯ ಮೇಲೆಲ್ಲ ಇಳಿಯಿತು. “ಕಟ್ ಮಾಡಬೇಡಿ,” ಎಂದು ನಿರ್ದೇಶಕ ಪಿಸುಗುಟ್ಟಿದ. ಕ್ಯಾಮರಾ ಹತ್ತಿರ ಸರಿಯಿತು. ಅವಳು ನೆಲಕ್ಕೆ ಕೈಯೂರಿ ಹೊಟ್ಟೆ ಹಿಂಡಿದಂತೆ ಕಕ್ಕುತ್ತಲೇ ಇದ್ದಳು. ಅದು ಮುಗಿದ ಮೇಲೆ ತಂಡದವರೆಲ್ಲ ಚಪ್ಪಾಳೆ ತಟ್ಟಿದರು. ಅಣವೀರಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮೃದುಲಾ ಬೋಗುಣಿ ಎಸೆದು ಓಡಿದಳು. ಮರೆಮ್ಮನ ಬಾಯಿಯನ್ನು ತನ್ನ ಸೆರಗಿನಿಂದಲೇ ಒರೆಸಿ, ಎಬ್ಬಿಸಿ, ಹಮೀದನ ವ್ಯಾನಿಗೆ ಹತ್ತಿಸಿದಳು. “ಇನ್ನೂ ಎರಡು ಶಾಟ್ ಇದೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಹಮೀದ್ ಅವರ ಕಡೆ ನೋಡದೆ ಗಾಡಿ ತಿರುಗಿಸಿದ.

ಕಮಲಾಪುರದ ದವಾಖಾನೆಯಲ್ಲಿ ಮರೆಮ್ಮ ವಾಂತಿಭೇದಿಯಿಂದ ಮೂರು ದಿನ ಮಲಗಿದಳು. ಮೊದಲ ದಿನ ಸಂಜೆಗೇ ಪ್ರೀತಿ ಕಲಬುರಗಿಯಿಂದ ಬಂದಳು, ನರ್ಸಿನ ಸಮವಸ್ತ್ರದಲ್ಲೇ. ತಾಯಿಯ ಸಲೈನಿನ ಸೂಜಿ ನೋಡಿ, ನಾಡಿ ನೋಡಿ, ಆಮೇಲೆ ಮೂಲೆಯ ಸ್ಟೂಲಿನ ಮೇಲಿದ್ದ ಮೃದುಲಾಳನ್ನು ನೋಡಿದಳು.

“ನೀವ್ಯಾರ್ರೀ?”

“ಮೇಕಪ್ ಮಾಡಾಕಿ.”

“ನೀವೂ ಅಲ್ಲೇ ಇದ್ರೇನು?”

“ಇದ್ದೆ.”

“ಏನೂ ಅನ್ನಲಿಲ್ಲೇನು?”

“ಇಲ್ಲವ್ವಾ.”

ಪ್ರೀತಿ ಬೈಯಲಿಲ್ಲ. ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ತಾಯಿಯ ಕಿವಿಯ ಹಿಂದೆ, ಕುತ್ತಿಗೆಯ ನೆರಿಗೆಯಲ್ಲಿ ಒಣಗಿ ಕಟ್ಟಿದ್ದ ಕಂದು ಬಣ್ಣವನ್ನು ಒರೆಸತೊಡಗಿದಳು. ಮೃದುಲಾ ಎದ್ದು, ತಾನೂ ಒರೆಸುವೆನೆಂದು ಕೈ ಚಾಚಿದಳು.

“ನೀವು ಮುಟ್ಟಬ್ಯಾಡ್ರಿ,” ಅಂದಳು ಪ್ರೀತಿ.

ಮೃದುಲಾ ಆ ಸೆಟ್ಟಿಗೆ ಮತ್ತೆ ಹೋಗಲಿಲ್ಲ. ಅಣವೀರಪ್ಪ ಫೋನಿನಲ್ಲಿ ಬೈದ, ಕಲಬುರಗಿಯ ಹೆಸರು ಕೆಡಿಸಿದಿ ಎಂದ. ಪವಮಾನ, “ಹೋಗ್ಲಿ ಬಿಡು, ನೀ ಒಬ್ಬಾಕಿ ಏನು ಮಾಡ್ತಿದ್ದಿ?” ಎಂದು ಸಮಾಧಾನ ಹೇಳಿದ. ಅದು ಅವಳಿಗೆ ಬೈಗುಳಕ್ಕಿಂತ ಕಹಿಯಾಯಿತು. ತಾನು ಒಬ್ಬಳು ಏನೂ ಮಾಡದಿದ್ದುದೇ ಅವಳ ಹೊಟ್ಟೆಯಲ್ಲಿ ಕೂತಿತ್ತು. ಬಿಡುವು ಸಿಕ್ಕಾಗ ಎರಡು ಮೂರು ಸಲ ಕಮಲಾಪುರಕ್ಕೆ ಹೋದಳು. ಮರೆಮ್ಮ ಮತ್ತೆ ತೋಟಕ್ಕೆ ಹೋಗುತ್ತಿದ್ದಳು, ಮೊದಲಿನಷ್ಟು ಗೊನೆ ಹೊರಲು ಆಗುತ್ತಿರಲಿಲ್ಲ. ಕುಂಡರಿಸಿ ಬಾಳೆಹಣ್ಣು ಕೊಡುತ್ತಿದ್ದಳು. “ನಿಮ್ದೇನು ತಪ್ಪದ ಬಾಯೋರೆ, ನಾನೇ ಕುಡದೀನಿ,” ಎನ್ನುತ್ತಿದ್ದಳು. ಮೃದುಲಾಳಿಗೆ ಆ ಹಣ್ಣು ಇಳಿಯುತ್ತಿರಲಿಲ್ಲ.

ಎಂಟು ತಿಂಗಳಿಗೆ ಸಿನಿಮಾ ಬಂತು. ಎಲ್ಲಿಯೋ ಪ್ರಶಸ್ತಿಯಾಯಿತಂತೆ. ಮಣ್ಣಿನ ನಿಜ ಇದರಲ್ಲಿದೆ ಎಂದು ಪತ್ರಿಕೆಯವರು ಬರೆದರು. ಅಣವೀರಪ್ಪ ಶಾಲು ಹೊದೆಸಿಕೊಂಡು, ನಮ್ಮ ಭಾಗದ ಇನ್ನೂರು ಮಂದಿಗೆ ಉದ್ಯೋಗ ಕೊಟ್ಟೆ ಎಂದು ಭಾಷಣ ಮಾಡಿದ. ಮರೆಮ್ಮನಿಗೆ ಯಾರೂ ಹೇಳಿ ಕಳಿಸಲಿಲ್ಲ. ಅವಳೇ ಮೃದುಲಾಳಿಗೆ ಫೋನು ಮಾಡಿಸಿದಳು.

“ನನ್ನ ಮಾರಿ ನಾ ನೋಡಬೇಕಲ್ರೀ. ಕರ್ಕೊಂಡು ಹೋಗ್ರಿ.”

ಮಧ್ಯಾಹ್ನದ ಆಟಕ್ಕೆ ಹೋದರು. ಪ್ರೀತಿಯೂ ಬಂದಿದ್ದಳು, ತಾಯಿಯ ಆಚೆ ಬದಿಗೆ ಕೂತಿದ್ದಳು, ಮೃದುಲಾಳೊಂದಿಗೆ ಮಾತಿಲ್ಲ. ಅರ್ಧ ಟಾಕೀಜು ತುಂಬಿತ್ತು. ಗೋಣಿಯಿಂದ ತೋಟ ಮರೆಮಾಡಿದ ಊರು ಪರದೆಯ ಮೇಲೆ ಸುಟ್ಟ ಹೊಲದಂತೆ ಕಂಡಿತು. ಆಮೇಲೆ ಹೊಂಡ, ಎಮ್ಮೆ, ಗೋಡೆಯಷ್ಟು ದೊಡ್ಡದಾಗಿ ಮರೆಮ್ಮನ ಮುಖ. ಮೃದುಲಾ ಬಳಿದ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಮರೆಮ್ಮ ಕುಡಿದಳು, ಕಕ್ಕಿದಳು. ಹಿಂದಿನ ಸಾಲಿನ ಹುಡುಗರು “ವ್ಯಾ... ವ್ಯಾ...” ಎಂದು ಕಕ್ಕಿದ ಸದ್ದು ಮಾಡಿ ನಕ್ಕರು. “ಥೂ, ಎಂಥಾ ಹೊಲಸು ಮುದುಕಿ ಲೇ,” ಎಂದ ಒಬ್ಬ.

ಮರೆಮ್ಮ ಎದ್ದು ನಿಂತಳು. ಪರದೆಗೆ ಬೆನ್ನು ಮಾಡಿ, ತೋಟದಲ್ಲಿ ಆಳುಗಳನ್ನು ಕರೆಯುವ ಗಂಟಲಿನಲ್ಲಿ ಅಂದಳು:

“ಆ ಮುದುಕಿ ನಾನೇ ರೀ! ನಾವು ಆ ನೀರು ಕುಡ್ಯಾಂಗಿಲ್ಲ. ನಮ್ಮ ಮನ್ಯಾಗ ನಳಾ ಅದ. ಬಂದು ನೋಡ್ರಿ ಬೇಕಾದ್ರ!”

“ಕೂಡ್ರು ಆಯಿ, ಪಿಕ್ಚರ್ ನೋಡ್ಲಾಕ ಬಿಡು,” ಎಂದು ಯಾರೋ ಗದರಿದರು. ಇನ್ನೊಬ್ಬ ಸೀಟಿ ಹೊಡೆದ. ಮರೆಮ್ಮ ಒಂಟಿಯಾಗಿ ನಿಂತಿದ್ದಳು. ಆಗ ಮೃದುಲಾ ಎದ್ದಳು. ಹಿಂದಿನ ಸಾಲಿನ ಕಡೆ ತಿರುಗಿದಳು.

“ಆಕಿ ಖರೇ ಹೇಳ್ಲಾಕತ್ತಾಳ. ಬಣ್ಣಾ ಬಡದಾಕಿ ನಾನು. ಕುಡೀಲೇನು ಅಂತ ಆಕಿ ನನ್ನ ಕೇಳಿದ್ಲು. ನಾ ಸುಮ್ಮ ನಿಂತೆ. ನಗೂದಿದ್ರ ನನ್ನ ನೋಡಿ ನಗ್ರಿ.”

ಹುಡುಗರು ನಗಲಿಲ್ಲ. ಹಾಗೆಂದು ಇಡೀ ಟಾಕೀಜು ಎದ್ದು ನಿಂತಿತು ಅಂತಲೂ ಅಲ್ಲ. ಮುಂದಿನ ಸಾಲಿನ ಒಬ್ಬ ಮುದುಕ ಮಾತ್ರ ಎದ್ದು ಹೊರಗೆ ಹೋದ. ಉಳಿದವರು ಸಿನಿಮಾ ನೋಡಿದರು. ಪ್ರೀತಿ ತಾಯಿಯ ಕೈ ಹಿಡಿದು ನಡೆಸಿಕೊಂಡು ಬಂದಳು. ಬಾಗಿಲ ಹತ್ತಿರ ಹಿಂದೆ ತಿರುಗಿ ಮೃದುಲಾಳಿಗಾಗಿ ಅಲ್ಲಿ ತೂಗುಬಿಟ್ಟ ಪರದೆ ಎತ್ತಿ ಹಿಡಿದಳು.

ಹೊರಗೆ ಗೋಡೆಯ ತುಂಬ ಪೋಸ್ಟರು. ಮೂಲೆಯಲ್ಲಿ ನಾಯಕಿ, ನಡುವೆ ಬಾಯಿ ತೆರೆದ ಮರೆಮ್ಮ. ಮರೆಮ್ಮ ಅದರ ಹತ್ತಿರ ಹೋಗಿ, ಉಗುರಿನಿಂದ ಅಂಚು ಕೆರೆದಳು. ಹಸಿ ಅಂಟು, ಕಾಗದ ಎದ್ದು ಬಂತು. ಮೃದುಲಾಳೂ ಇನ್ನೊಂದು ತುದಿ ಹಿಡಿದಳು.

“ಏ, ಏನು ಮಾಡ್ಲಾಕತ್ತೀರಿ ಅಲ್ಲಿ?” ಎಂದು ಕಾವಲುಗಾರ ಓಡಿ ಬಂದ.

“ಮಾರಿ ತೊಳಕೊಳ್ಳಾಕತ್ತೀನಪ್ಪಾ,” ಅಂದಳು ಮರೆಮ್ಮ, ಕೆರೆಯುವುದನ್ನು ಬಿಡದೆ.

ಆ ಸುದ್ದಿ ಅಣವೀರಪ್ಪನಿಗೆ ಮುಟ್ಟಿ ಮೃದುಲಾಳ ಹೆಸರು ಅವನ ಪಟ್ಟಿಯಿಂದ ಹೋಯಿತು. ಕೆಲಸ ಮಾತ್ರ ಊರಿಗೆ ಬರುವುದು ನಿಲ್ಲಲಿಲ್ಲ. ದೀಪಾವಳಿಯ ನಂತರ ಹೈದರಾಬಾದಿನ ತಂಡವೊಂದು ನೇರವಾಗಿ ಅವಳನ್ನೇ ಹುಡುಕಿಕೊಂಡು ಪಾರ್ಲರಿಗೆ ಬಂತು. ಕಥೆ ಏನು, ಜನರನ್ನು ಹೇಗೆ ತೋರಿಸುತ್ತೀರಿ ಎಂದು ಕೇಳಿದಳು. ಮೇಕಪ್ಪಿನವರಿಗೆ ಅದೆಲ್ಲ ಯಾಕೆ ಎಂದರು. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು. ನೋಡಿಕೊಂಡರು. ಸಿನಿಮಾಕ್ಕೆಂದು ಅವಳು ಕೊಂಡಿಟ್ಟ ಬಣ್ಣಗಳ ಪೆಟ್ಟಿಗೆ ಪಾರ್ಲರಿನ ಕಪಾಟಿನಲ್ಲಿದೆ. ಕಂದು ಬಣ್ಣದ ಡಬ್ಬಿಯನ್ನು ಮಾತ್ರ ಅವಳು ಎಸೆದಿದ್ದಾಳೆ. ಆ ಬಕೀಟಿನ ವಾಸನೆ ನೆನಪಾದರೆ ಈಗಲೂ ಊಟ ಸೇರುವುದಿಲ್ಲ.